ಮೀಟರಿಗೆ ಸಿಗದ ಬೆಳಕು

ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಸುಶೀಲೇಂದ್ರನ ಮನೆ ಯಾವುದೆಂದು ಕೇಳಿದರೆ ಮೊದಲು ಯಾರೂ ಹೇಳುತ್ತಿರಲಿಲ್ಲ. ವಿಮಾ ಕಚೇರಿಯ ಗುಮಾಸ್ತ. ಕೊತ್ತಂಬರಿ ತರಲು ಹೋಗಿ ಮೆಂತ್ಯೆ ತರುವವನು, ಮೆಂತ್ಯೆ ಬದಲಿಸಲು ಹೋಗಿ ಚೀಲ ಬಿಟ್ಟು ಬರುವವನು. ಇಂಥ ಸಾಧುವನ್ನು ಊರು ಯಾಕೆ ನೆನಪಿಟ್ಟುಕೊಳ್ಳಬೇಕು? ಅವನು ಕುತ್ತಿಗೆಗೆ ಮೀಟರು ನೇತುಹಾಕಿಕೊಂಡು ತಿರುಗಾಡತೊಡಗಿದ ಮೇಲೆ ಮಾತ್ರ ಗುರುತು ಸುಲಭವಾಯಿತು.

ಮೀಟರೆಂದರೆ ಬೆಳಕಿನ ಮೀಟರು. ಗಾಂಧಿ ಚೌಕದ ಹತ್ತಿರ ಬಾಗಿಲು ಮುಚ್ಚುತ್ತಿದ್ದ ಹಳೆಯ ಸ್ಟುಡಿಯೊವೊಂದರಲ್ಲಿ ಅವನು ರೀಲು ಹಾಕುವ ಕ್ಯಾಮೆರಾ ಕೊಂಡಾಗ ಅದರ ಜೊತೆ ಬಂದದ್ದು. ಅಂಗೈಯಗಲದ ಡಬ್ಬಿ, ನೆತ್ತಿಯ ಮೇಲೆ ಬಿಳಿ ಗೋಲ, ಹೊಟ್ಟೆಯಲ್ಲೊಂದು ಮುಳ್ಳು. ಬೆಳಕಿಗೆ ಹಿಡಿದರೆ ಮುಳ್ಳು ಓಡಿ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಆ ಅಂಕಿಯ ಪ್ರಕಾರ ಕ್ಯಾಮೆರಾದ ಕಣ್ಣನ್ನು ಎಷ್ಟು ಅಗಲ, ಎಷ್ಟು ಹೊತ್ತು ತೆರೆಯಬೇಕೆಂದು ಗೊತ್ತಾಗುತ್ತದೆ. ಬದುಕಿನಲ್ಲಿ ಯಾವುದರ ಅಂದಾಜೂ ಹತ್ತದಿದ್ದ ಸುಶೀಲೇಂದ್ರನಿಗೆ ಈ ಮುಳ್ಳು ಗುರುವಿನಂತೆ ಒದಗಿಬಂತು. ಕಚೇರಿಯಲ್ಲಿ, ಮದುವೆ ಮಂಟಪದಲ್ಲಿ, ದವಾಖಾನೆಯಲ್ಲಿ, ಹೋದಲ್ಲೆಲ್ಲ ಬೆಳಕು ಅಳೆದ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ವಂದನಾಳ ಮುಖದ ಮುಂದೆಯೂ ಹಿಡಿದ.

"ಇಲ್ಲೆ ಬೆಳಕು ಭಾಳ ಕಡಿಮಿ ಅದ ನೋಡು."

"ಬೆಳಕು ಇರ್ಲಿರಿ. ಸಾರಿನ್ಯಾಗ ಉಪ್ಪು ಕಡಿಮಿ ಅದನೋ ಹೆಂಗೊ ನೋಡಿ ಹೇಳ್ರಿ," ಎಂದಳು ವಂದನಾ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಸುಶೀಲೇಂದ್ರ ಮುಂಬೈಯಿಂದ ಅವಧಿ ಮೀರಿದ ಇನ್‌ಫ್ರಾರೆಡ್ ಫಿಲಂ ತರಿಸಿದ. ಕೆಂಪು ಬಣ್ಣ ಮುಗಿದ ಆಚೆಗೆ ಮನುಷ್ಯರ ಕಣ್ಣಿಗೆ ಬೀಳದ ಒಂದು ಬೆಳಕುಂಟು. ಈ ಫಿಲಂ ಅದನ್ನು ನೋಡುತ್ತದೆ. ನಮ್ಮ ಕಣ್ಣಿನ ಬೆಳಕು ನಡುವೆ ಬಂದು ಕೆಡಿಸಬಾರದೆಂದು ಲೆನ್ಸಿನ ಮುಂದೆ ಕಪ್ಪನೆಯ ಗಾಜು ಕೂರಿಸಬೇಕು. ಹಾಗೆ ತೆಗೆದ ಚಿತ್ರದಲ್ಲಿ ಹಸಿರೆಲೆಗಳೆಲ್ಲ ಬೆಳ್ಳಗೆ, ನೀಲಿ ಆಕಾಶ ಕರ್ರಗೆ ಬರುತ್ತದೆ. ತೊಡಕು ಒಂದೇ. ಆ ಬೆಳಕು ಮೀಟರಿಗೂ ಕಾಣುವುದಿಲ್ಲ. ಅದು ಅಳೆಯುವುದು ಒಂದನ್ನು, ಫಿಲಂ ನೋಡುವುದು ಇನ್ನೊಂದನ್ನು. ಇದು ಗೊತ್ತಿಲ್ಲದೆ ಸುಶೀಲೇಂದ್ರ ಮುಳ್ಳು ಹೇಳಿದ ಹಾಗೆಯೇ ಬಡಾವಣೆಯ ಬೇವಿನ ಮರಗಳನ್ನೆಲ್ಲ ತೆಗೆದ. ರೀಲು ತೊಳೆದರೆ ಕಿಟಕಿಯ ಗಾಜಿನಷ್ಟು ಖಾಲಿ. ಗುರುವೇ ಕುರುಡನೆಂದು ತಿಳಿದ ಶಿಷ್ಯನಿಗೆ ಆಗುವ ಸಂಕಟ ಅವನಿಗಾಯಿತು. ಪುಸ್ತಕ ತಿರುವಿದ. ಒಂದೇ ದೃಶ್ಯವನ್ನು ಕಡಿಮೆ ಹೊತ್ತು, ಹೆಚ್ಚು ಹೊತ್ತು, ಇನ್ನೂ ಹೆಚ್ಚು ಹೊತ್ತು ತೆಗೆಯಿರಿ, ಯಾವುದಾದರೊಂದು ಬಂದೀತು ಎಂದಿತ್ತು. ಅಂದರೆ ಅಂದಾಜು. ಯಾವುದು ಬರುವುದಿಲ್ಲವೆಂದು ಮೀಟರಿನ ಮೊರೆಹೋಗಿದ್ದನೋ ಅದೇ.

ಆದರೆ ಕಚೇರಿಯ ಚಹಾದ ಹೊತ್ತಿಗೆ ಈ ಸಂಕಟ ಬೇರೆ ವೇಷ ತೊಟ್ಟು ಹೊರಬಿತ್ತು.

"ಕಂಡಿದ್ದನ್ನ ಫೋನಿನ್ಯಾಗ ಯಾರರೆ ತಗೀತಾರ. ನಾ ತಗಿಯೂದು ಕಣ್ಣಿಗೆ ಕಾಣದ್ದು," ಎಂದ ಸುಶೀಲೇಂದ್ರ.

ಎದುರಿನ ಮೇಜಿನ ಸಂಗನಬಸವ ಕಪ್ಪು ಕೆಳಗಿಟ್ಟ. ಅವನು ಬಬಲೇಶ್ವರದ ಹತ್ತಿರದ ನಿಡೋಣಿಯವನು, ದ್ರಾಕ್ಷಿ ಬೆಳೆಗಾರರ ಮನೆಯವನು. "ಎಲಿ ಬೆಳ್ಳಗ ಬರ್ತಾವಂದ್ರ ನಮ್ಮ ದ್ರಾಕ್ಷಿ ಪಡಕ್ಕ ಬರ್ರಿ ಸರ್. ಈಗ ಎಲಿ ತುಂಬಿ ನಿಂತೈತಿ. ಹಸಿ ಜ್ವಾಳದ ಸೀತನಿ ತಿನ್ನಾಕೂ ಆತು. ಮನಿ ಮಂದೀನ್ನೂ ಕರ್ಕೊಂಡು ಬರ್ರಿ."

ಮನೆಮಂದಿ ಎಂದರೆ ವಂದನಾ ಮತ್ತು ಸಖೂಬಾಯಿ. ಸಖೂಬಾಯಿ ಸುಶೀಲೇಂದ್ರನ ತಾಯಿಯ ತಂಗಿ, ಅವನಿಗೆ ಮಾವಶಿ, ಕೆಲವು ವರ್ಷಗಳಿಂದ ಅವರ ಮನೆಯಲ್ಲೇ ಇದ್ದರು. ಅವರು ಕೇದಿಗೆಯಂಥ ಬಣ್ಣದವರು. ಈ ಸಂಗತಿ ಯಾರೂ ಮರೆಯದಂತೆ ನೋಡಿಕೊಳ್ಳುವುದೇ ಅವರ ದಿನದ ಮುಖ್ಯ ಕೆಲಸ. ವಂದನಾ ಸಾದಗಪ್ಪು. ಈ ಸಂಗತಿಯನ್ನೂ ಮಾವಶಿ ಯಾರಿಗೂ ಮರೆಯಗೊಡುತ್ತಿರಲಿಲ್ಲ. "ನಮ್ಮ ಮನೆತನದಾಗ ಎಲ್ಲಾರೂ ಕೆಂಪಽ. ಇಕಿ ಬಂದ ಮ್ಯಾಲೆ ಒಂಚೂರು…" ಎಂದು ಮಾತನ್ನು ಅರ್ಧಕ್ಕೆ ಬಿಡುತ್ತಿದ್ದರು. ಉಳಿದರ್ಧವನ್ನು ವಂದನಾ ಪಾತ್ರೆ ತಿಕ್ಕುತ್ತ ನುಂಗುತ್ತಿದ್ದಳು.

ಮುಂದಿನ ಭಾನುವಾರ ಮೂವರೂ ನಿಡೋಣಿಗೆ ಹೋದರು. ಜಗತ್ತಿನ ಫೋಟೊಗ್ರಾಫರುಗಳೆಲ್ಲ ಮುಂಜಾನೆ, ಸಂಜೆ ಎಂದು ಕಾಯುತ್ತಾರೆ. ಇನ್‌ಫ್ರಾರೆಡ್ಡಿಗೆ ನಡುನೆತ್ತಿಯ ಬಿಸಿಲೇ ಬೇಕು. ಆಳುಗಳೆಲ್ಲ ಬುತ್ತಿ ಬಿಚ್ಚಿ ನೆರಳಿಗೆ ಕೂತ ಹೊತ್ತಿಗೆ ಸುಶೀಲೇಂದ್ರ ಕಾದ ಮಣ್ಣಿನ ಮೇಲೆ ಮೂರುಕಾಲಿನ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಏರಿಸಿ, ಕಪ್ಪು ಗಾಜು ತಿರುವಿದ. ಸಂಗನಬಸವನ ತಂದೆ ಬಸಲಿಂಗಯ್ಯ ಬಂದು ಬಗ್ಗಿ ಕ್ಯಾಮೆರಾದಲ್ಲಿ ಇಣುಕಿದರು.

"ಏನೂ ಕಾಣವಲ್ದಲ್ರಿ ಸಾಹೇಬ್ರ!"

"ಕಾಣಬಾರ್ದು ರೀ. ಕಾಣಲಿಲ್ಲ ಅಂದ್ರ ಸರಿ ಅದ ಅಂತ ಅರ್ಥ."

ಸುಶೀಲೇಂದ್ರ ರೂಢಿಯಂತೆ ಮೀಟರು ಎತ್ತಿ ಬಿಸಿಲಿಗೆ ಹಿಡಿದ, ಮುಳ್ಳು ನೋಡಿದ, ತಲೆಯಾಡಿಸಿ ಕೆಳಗೆ ಬಿಟ್ಟ.

"ಏನಂತೈತ್ರಿ ಅದು?"

"ಅದು ಏನರೆ ಅನ್ನಲಿ ರೀ, ಕೇಳಂಗಿಲ್ಲ."

"ಹಂಗಾರ ಕೊಳ್ಳಾಗ ಯಾಕ ಹಾಕ್ಕೊಂಡೀರಿ?"

ಸುಶೀಲೇಂದ್ರ ದ್ರಾಕ್ಷಿ ಸಾಲುಗಳನ್ನು ಕಡಿಮೆ, ಹೆಚ್ಚು, ಇನ್ನೂ ಹೆಚ್ಚು ಎಂದು ತೆಗೆಯತೊಡಗಿದ. ಸೀತನಿ ತಿಂದು ಕೂತಿದ್ದ ಬಸಲಿಂಗಯ್ಯನವರ ತಾಯಿ ಮುರಿಗೆವ್ವನಿಗೆ ಇದು ಸಹನೆಯಾಗಲಿಲ್ಲ.

"ಬಂದಾಗಿಂದ ಬರೇ ಎಲಿ ಫೋಟೊ ತಗ್ಯಾಕತ್ತೀಯಲ್ಲೋ ಯಪ್ಪಾ, ಮನಿ ಮಂದಿ ಎಲಿಗಿಂತ ಕಡಿಮಿ ಆದ್ವೇನು?"

ಇದು ಮುಖಕ್ಕೆ ಹೇಳಿಮಾಡಿಸಿದ ಫಿಲಂ ಅಲ್ಲ ಎಂದು ಸುಶೀಲೇಂದ್ರ ಹೇಳುವಷ್ಟರಲ್ಲಿ ಎಲ್ಲರೂ ಸಾಲಾಗಿ ನಿಂತಾಗಿತ್ತು. ನಡುವೆ ಕುರ್ಚಿಯಲ್ಲಿ ಮುರಿಗೆವ್ವ. ಬಿಸಿಲಲ್ಲಿ ದುಡಿದು ಕರ್ರಗಾದ ಬಸಲಿಂಗಯ್ಯ. ಸಂಗನಬಸವ. ಬೆಳಕು ತಮಗೆ ಹೆಚ್ಚು ಬೀಳುವ ಕಡೆ ಸಖೂಬಾಯಿ, ಉಳಿದ ಕಡೆ ವಂದನಾ.

"ಕಾವ್ಯಾ ಎಲ್ಲಿ? ಏ ಕಾವ್ಯಾ, ಬಾರಬೇ!" ಎಂದು ಮುರಿಗೆವ್ವ ಕೂಗಿದಳು.

ಪಡದ ನಡುವಿನಿಂದ ಸಂಗನಬಸವನ ತಂಗಿ ಬಂದಳು. ಕೃಷಿ ಪದವಿ ಮಾಡಿ ಮನೆಯ ಪಡವನ್ನೆಲ್ಲ ತಾನೇ ನೋಡಿಕೊಳ್ಳುವವಳು. ಎಲೆ ಮಗುಚಿ ರೋಗ ನೋಡುತ್ತಿದ್ದಳು. ಅವಳ ಕೈಗಳ ಮೇಲೆ, ಕಣ್ಣಿನ ಸುತ್ತ, ಗಲ್ಲದ ಮೇಲೆ ಬಿಳಿ ಕಲೆಗಳಿದ್ದವು, ತೊನ್ನು. "ನಾ ಯಾಕ ಆಯಿ," ಎನ್ನುತ್ತಲೇ ಬಂದು, ರೂಢಿಯಾದವಳಂತೆ ಸಾಲಿನ ತುದಿಗೆ ನಿಂತಳು. ಅವಳ ವಿಷಯದಲ್ಲಿ ಆ ಮನೆಯಲ್ಲಿ ಯಾರೂ ಏನೂ ಅನ್ನದಿರುವುದೇ ಪದ್ಧತಿಯಾಗಿತ್ತು.

"ಅಲುಗಾಡಬ್ಯಾಡ್ರಿ!" ಎಂದು ಸುಶೀಲೇಂದ್ರ ಗುಂಡಿ ಒತ್ತಿದ. ಗುಂಡಿ ಬಿಡುವವರೆಗೂ ಕ್ಯಾಮೆರಾದ ಕಣ್ಣು ತೆರೆದೇ ಇರುವಂತೆ ಇಟ್ಟಿದ್ದ. ಅದೇ ಗಳಿಗೆಗೆ ಸಖೂಬಾಯಿ, "ಸುಶೀಲೂ, ನನ್ನ ಸೆರಗು ಸರಿ ಅದನೋ?" ಎಂದರು. "ಅದ ಮಾವಶಿ." "ಕುಂಕುಮ?" "ಅದೂ ಸರಿ ಅದ." "ಬಿಸಲಿಗೆ ಮುಖಾ ಕೆಂಪಾಗಿರಬೇಕಲ್ಲ?" "ಭಾಳ ಕೆಂಪಾಗೇದ ಮಾವಶಿ." ಇಷ್ಟು ವಿನಯದಿಂದ ಉತ್ತರ ಕೊಡುವಾಗ ಬೆರಳು ಗುಂಡಿಯ ಮೇಲೇ ಇದ್ದುದು ಅವನಿಗೆ ನೆನಪಾಗುವ ಹೊತ್ತಿಗೆ, ಕ್ಯಾಮೆರಾ ಒಂದು ಸಣ್ಣ ಊಟ ಮುಗಿಸುವಷ್ಟು ಬೆಳಕು ಉಂಡಿತ್ತು.

ಮನೆಗೆ ಬಂದು ಬಚ್ಚಲಲ್ಲಿ ರೀಲು ತೊಳೆದ. ಯೋಚಿಸಿ ತೆಗೆದ ಚಿತ್ರಗಳೆಲ್ಲ ಮಸುಕು. ಮರೆತು ತೆಗೆದದ್ದೊಂದು ಮಾತ್ರ ಅದ್ಭುತವಾಗಿ ಬಂದಿತ್ತು. ಹಳೆಯದಾದ ಆ ಫಿಲಂಗೆ ಅಷ್ಟೇ ಬೆಳಕು ಬೇಕಾಗಿತ್ತೆಂದು ಕಾಣುತ್ತದೆ. ಪ್ರಿಂಟು ಹಾಕಿಸಿ ಮನೆಗೆ ತಂದಾಗ ವಂದನಾ ಕೈ ಒರೆಸಿಕೊಂಡು ಬಂದು ನೋಡಿದಳು. ಕಪ್ಪು ಆಕಾಶದ ಕೆಳಗೆ ದ್ರಾಕ್ಷಿ ಎಲೆಗಳು ಮಲ್ಲಿಗೆಯ ರಾಶಿಯಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಎದುರಿಗೆ ನಿಂತ ಮನುಷ್ಯರೆಲ್ಲ ಒಂದೇ ಬಣ್ಣ. ಆಗ ತಾನೇ ಕರೆದ ಹಾಲಿನ ಬಣ್ಣ. ಬಸಲಿಂಗಯ್ಯನವರ ಕರಿ ತೋಳೂ ಹಾಗೆಯೇ, ವಂದನಾಳ ಮುಖವೂ ಹಾಗೆಯೇ, ಸಖೂಬಾಯಿಯವರದೂ ಹಾಗೆಯೇ. ಮಾವಶಿಯವರ ಬಾಯಿ ಮಾತ್ರ, ನಡುನಡುವೆ ಮಾತಾಡಿದ್ದರಿಂದ, ಮಂಜು ಕವಿದಂತಿತ್ತು.

ಸಖೂಬಾಯಿ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

"ಸುಶೀಲೂ! ನನ್ನ ಬಣ್ಣಾ ತಗದು ಇಕಿಗ್ಯಾಕ ಹಚ್ಚೀದಿ?"

"ನಾ ಹಚ್ಚಿಲ್ಲ ಮಾವಶಿ. ಬಣ್ಣ ಅನ್ನೂದು ಚರ್ಮದ ಮ್ಯಾಲ್ಮ್ಯಾಲೆ ಇರ್ತದ. ಈ ಬೆಳಕು ಅದನ್ನ ದಾಟಿ ಒಂಚೂರು ಒಳಗ ಹೋಗಿ ಬರ್ತದ. ಒಳಗ ಎಲ್ಲಾರೂ…"

"ಒಳಗ ಯಾರು ನೋಡ್ಲಿಕ್ಕೆ ಬರ್ತಾರೋ? ದೇವ್ರು ಮ್ಯಾಲ ಕೊಟ್ಟಾನ!"

ವಂದನಾ ಆ ಪ್ರಿಂಟಿಗೆ ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ಮಾವಶಿ ಕೂಡುವ ಕುರ್ಚಿಗೆ ಸರಿಯಾಗಿ ಎದುರಿನ ಗೋಡೆಗೆ ಮೊಳೆ ಹೊಡೆದಳು. ಮದುವೆಯಾದ ಮೇಲೆ ಅವಳು ಆ ಮನೆಯಲ್ಲಿ ಯಾರನ್ನೂ ಕೇಳದೆ ಹೊಡೆದ ಮೊದಲ ಮೊಳೆ ಅದು. ಮಾವಶಿ ಕುರ್ಚಿ ತಿರುಗಿಸಿಕೊಂಡರು.

ಹೀಗೆ ಬೈಸಿಕೊಂಡು ಕೂತಿದ್ದಾಗ ಸಂಗನಬಸವನ ಫೋನು ಬಂತು. ಅವನಿಗೂ ಚಿತ್ರ ಕಳಿಸಿದ್ದ.

"ಸರ್, ನಮ್ಮ ಕಾವ್ಯಾನ ಮಾರಿ ಮ್ಯಾಲಿನ ಕಲಿ ಎಲ್ಲಿ ಹೋದ್ವು? ಹುಡುಕಿದ್ರೂ ಸಿಗವಲ್ವು! ಹೆಂಗ ತಗದ್ರಿ?"

ಸುಶೀಲೇಂದ್ರ ಚಿತ್ರವನ್ನು ಮತ್ತೆ ನೋಡಿದ. ನಿಜ, ಸಾಲಿನ ತುದಿಯ ಹುಡುಗಿಯ ಮುಖದಲ್ಲಿ ಒಂದು ಕಲೆಯೂ ಇರಲಿಲ್ಲ. ಅದು ಫಿಲಂನ ಗುಣ, ನಾನೇನೂ ಮಾಡಿಲ್ಲ ಎಂದು ಹೇಳಬೇಕಿತ್ತು. ಆದರೆ ಬೈಗುಳ ತಿಂದ ಹೊಟ್ಟೆಗೆ ಹೊಗಳಿಕೆ ಬಹಳ ಹಿಡಿಸುತ್ತದೆ.

"ಅದೊಂದು ವಿದ್ಯಾ," ಎಂದುಬಿಟ್ಟ.

ಎರಡೇ ಶಬ್ದ. ಇವು ವಿಜಯಪುರದಿಂದ ಬಬಲೇಶ್ವರದವರೆಗೆ ಬಸ್ಸಿಗಿಂತ ಮೊದಲು ಓಡಾಡಿದವು. ಸುಶೀಲೇಂದ್ರ ಸಾಹೇಬರ ಹತ್ತಿರ ಕಲೆ ತೆಗೆಯುವ ಕ್ಯಾಮೆರಾ ಇದೆಯಂತೆ ಎಂದು ಸುದ್ದಿಯಾಯಿತು. ಕಚೇರಿಯವರು ಹೆಣ್ಣುಮಕ್ಕಳ ಫೋಟೊಕ್ಕೆ ದಿನ ಕೇಳಿದರು. ಪಕ್ಕದ ಮನೆಯ ಯಲಗೂರಪ್ಪನವರು ತಹಸೀಲ್ದಾರ ಕಚೇರಿಯಲ್ಲಿದ್ದು ನಿವೃತ್ತರಾದವರು, ಇಂದಿಗೂ ಹಾಲಿನವನ ಹತ್ತಿರ ಸಮಜಾಯಿಷಿ ಕೇಳುವವರು. ಅವರೂ ಕರಿ ಕೋಟು ಹಾಕಿಕೊಂಡು, ಮೀಸೆಗೆ ಅಂದೇ ಬಣ್ಣ ಹಚ್ಚಿಕೊಂಡು ಅಂಗಳಕ್ಕೆ ಬಂದು ಕೂತರು.

ಈ ಫಿಲಂಗೆ ಇನ್ನೊಂದು ಗುಣವಿದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಕರಿ ಬಣ್ಣಗಳನ್ನು ಅದು ಕರಿದೆಂದು ಒಪ್ಪುವುದಿಲ್ಲ. ಪ್ರಿಂಟಿನಲ್ಲಿ ಯಲಗೂರಪ್ಪನವರು ಬಿಳಿ ಕೋಟು, ಬಿಳಿ ಕೂದಲು, ಬಿಳಿ ಮೀಸೆಯೊಂದಿಗೆ ತಮ್ಮ ತಂದೆಯವರಂತೆ ಕೂತಿದ್ದರು.

"ಇದೇನ್ರೀ ಇದು? ಕಲಿ ತಗೀರಿ ಅಂದ್ರ ವಯಸ್ಸು ತಗದು ಮ್ಯಾಲಿಟ್ಟೀರಲ್ಲ! ಇಂಥಾ ಕ್ಯಾಮೆರಾ ಇಟ್ಕೊಳ್ಳಾಕ ನಿಮಗ ಪರವಾನಿಗಿ ಐತೇನು? ಯಾರು ಕೊಟ್ರು? ಯಾವ ಕಾನೂನಿನ್ಯಾಗ?"

"ಫಿಲಂ ತನಗ ಕಂಡದ್ದು ಹೇಳ್ತದ ರೀ," ಎಂದ ಸುಶೀಲೇಂದ್ರ.

"ಹಂಗಾರ ಆ ನಿಡೋಣಿ ಹುಡುಗೀದು ಯಾಕ ಹೇಳಲಿಲ್ಲ?"

ಯಲಗೂರಪ್ಪನವರು ಸಿಟ್ಟಿನಲ್ಲಿ ಕೇಳಿ ಹೋದರು. ಸುಶೀಲೇಂದ್ರ ಅಂಗಳದಲ್ಲೇ ನಿಂತುಕೊಂಡ. ಒಬ್ಬರು ಮುಚ್ಚಿಟ್ಟದ್ದನ್ನು ತೆರೆದು ತೋರಿಸಿ, ಮುಚ್ಚಿಕೊಳ್ಳದೆ ತಿರುಗಾಡುವವಳದ್ದನ್ನು ಮುಚ್ಚಿದ ಈ ಬೆಳಕಿಗೆ ನಿಜದ ಜೊತೆ ನಂಟೇ ಇಲ್ಲವೇನೋ ಎನ್ನಿಸಿತು. ಅದಕ್ಕೆ ಅದರದೇ ದಾರಿ. ನಡುವೆ ನಿಂತು ಮಾತಾಡುವವನು ಮನುಷ್ಯ. ಅಂದರೆ ತಾನು. ಅವನು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟು ಒಳಗೆ ಹೋದ.

ಕೆಲವು ದಿನಗಳಲ್ಲಿ ಬಸಲಿಂಗಯ್ಯನವರು ದ್ರಾಕ್ಷಿಯ ಬುಟ್ಟಿ ಹಿಡಿದು ಅಥಣಿ ರಸ್ತೆಗೆ ಬಂದರು. ಮುಖ ಹಬ್ಬದಂತಿತ್ತು.

"ಸಾಹೇಬ್ರ, ತಿಕೋಟಾದಿಂದ ಸಂಬಂಧ ಬಂದೈತ್ರಿ. ದ್ರಾಕ್ಷಿ ಒಣಗಿಸಿ ಮಣೂಕ ಮಾರೂ ಮನಿ. ನಿಮ್ಮ ಫೋಟೊದಾಗಿಂದ ಕಾವ್ಯಾನ ಅಷ್ಟ ಕತ್ತರಿಸಿ ಕಳಿಸಿದ್ನಿ. ಹುಡುಗನ ಅವ್ವಗ ಭಾಳ ಮನಸ್ಸಿಗೆ ಬಂದೈತಿ."

ಸುಶೀಲೇಂದ್ರನ ಬಾಯಲ್ಲಿದ್ದ ದ್ರಾಕ್ಷಿ ಅಲ್ಲೇ ನಿಂತಿತು. "ಅವರಿಗೆ… ಹೇಳೀರೇನ್ರಿ?"

"ಏನು ಹೇಳೂದ್ರಿ?"

"ಅದೇ… ಫೋಟೊದಾಗ ಇಲ್ಲದ್ದು."

ಬಸಲಿಂಗಯ್ಯನವರ ದನಿ ಇಳಿಯಿತು. "ಬಂದು ನೋಡಿದ್ರ ಗೊತ್ತಾಗೇ ಆಗ್ತೈತ್ರಿ, ನನಗ ತಿಳಿಯಾಂಗಿಲ್ಲೇನು? ಆದ್ರ ಇಲ್ಲೀತನಕ ಯಾರೂ ಬಾಗಲಕ್ಕ ಬಂದಿಲ್ರಿ. ಮಾತಿನ್ಯಾಗ ಕೇಳ್ತಾರ, ಅಲ್ಲೇ ಬಿಡ್ತಾರ. ಒಮ್ಮಿ ಬಂದು ಆಕಿ ಮಾತು ಕೇಳಲಿ, ಆಕಿ ಮಾಡಿದ ಪಡ ನೋಡಲಿ ಅಂತ ಅಷ್ಟ." ಆಮೇಲೆ ಮತ್ತೆ ಹಬ್ಬದ ಮುಖ ತಂದುಕೊಂಡು, "ಇನ್ನೊಂದು ಐತಿ. ಹುಡುಗನ ಫೋಟೊ ಅದ ಕ್ಯಾಮೆರಾದಾಗ ಬೇಕಂತ ಅವನ ಅವ್ವ ಹಟ ಹಿಡದಾರ. ಹುಡುಗ ಒಂದೀಟು ಕಪ್ಪು ನೋಡ್ರಿ. ಇಲ್ಲನಬ್ಯಾಡ್ರಿ," ಎಂದರು.

ಇಲ್ಲ ಎನ್ನುವುದು ಸುಶೀಲೇಂದ್ರನಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಮರುದಿನ ರಜೆ ಹಾಕಿ ಸ್ಕೂಟರಿನ ಮೇಲೆ ತಿಕೋಟಾಕ್ಕೆ ಹೋದ. ಹುಡುಗನ ತಾಯಿ ಗೌರಾಬಾಯಿ ಬಾಗಿಲಲ್ಲೇ ಕಾದಿದ್ದಳು.

"ಬರ್ರಿ ಬರ್ರಿ. ನಮ್ಮ ಸಿದ್ದೂನ ಆ ಹುಡುಗಿ ಬಣ್ಣಕ್ಕ ಸರಿಸಮ ಮಾಡ್ರಿ. ಒಂದೀಟು ಹೆಚ್ಚಾದ್ರೂ ಅಡ್ಡಿಯಿಲ್ಲ, ಗಂಡಿನ ಕಡಿಯವರು ನಾವು."

ಮಣೂಕ ಒಣಗಿಸುವ ಶೆಡ್ಡಿನ ಮುಂದೆ ಬಿಸಿಲಲ್ಲಿ ಸಿದ್ದಲಿಂಗೇಶನನ್ನು ನಿಲ್ಲಿಸಿದರು. ದಪ್ಪ ಹುಬ್ಬಿನ, ನಿಧಾನ ಮಾತಿನ ಹುಡುಗ. ತಾಯಿ ಚಹಾಕ್ಕೆಂದು ಒಳಗೆ ಹೋದದ್ದೇ ಅವನು ಕಪ್ಪು ಗಾಜನ್ನು ಕೇಳಿ ತೆಗೆದುಕೊಂಡು ಕಣ್ಣಿಗೆ ಹಿಡಿದ.

"ಇದರಾಗ ಏನೂ ಕಾಣಾಂಗಿಲ್ಲ. ಇದರಾಗಿಂದ ತಗದ ಫೋಟೊದಾಗ ಎಲ್ಲಾರೂ ಒಂದ ಬಣ್ಣ. ಹೌದಲ್ರಿ?"

"ಹೌದ್ರಿ."

"ಹಂಗಾರ ನಮ್ಮವ್ವ ಮೆಚ್ಚಿದ್ದು ಹುಡುಗೀನ್ನಲ್ಲ, ಫಿಲಂನ್ನ." ಅವನು ನಕ್ಕು, ಆಮೇಲೆ ನಗು ನಿಲ್ಲಿಸಿ ಕೇಳಿದ: "ಆಕಿ ಹೆಂಗದಾರ್ರಿ? ಖರೇನ?"

ಸುಶೀಲೇಂದ್ರ ಸ್ಟ್ಯಾಂಡಿನ ತಿರುಪು ಬಿಗಿ ಮಾಡತೊಡಗಿದ. ಹೇಳಿದರೆ ಆ ಹುಡುಗಿಯ ಬೆನ್ನ ಹಿಂದೆ ಅವಳ ಮೈಯ ಮಾತು ಆಡಿದಂತೆ. ಹೇಳದಿದ್ದರೆ ಎದುರಿಗೆ ನಿಂತವನಿಗೆ ಮೋಸ. ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಹೇಳುವ ಮುಳ್ಳು ಯಾವ ಡಬ್ಬಿಯಲ್ಲೂ ಇಲ್ಲ. ಅವನು ನಡುಮಧ್ಯಾಹ್ನದ, ಕಣ್ಣು ಬಿಡಲಾಗದ ಬಿಸಿಲಿನಲ್ಲಿ ಆಕಾಶ ನೋಡಿದ.

"ಬೆಳಕು ಹೋತಲ್ರಿ. ಇನ್ನೊಂದು ದಿನಾ ಬರ್ತೀನಿ," ಎಂದು ಸ್ಟ್ಯಾಂಡು ಮಡಚಿದ. ಚಹಾ ತಂದ ಗೌರಾಬಾಯಿ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ, "ಎಲ್ಲಿ ಹೋತ್ರಿ ಬೆಳಕು?" ಎಂದು ಕೇಳುವಷ್ಟರಲ್ಲಿ ಸ್ಕೂಟರು ಬಬಲೇಶ್ವರದ ದಾರಿ ಹಿಡಿದಿತ್ತು.

ನಿಡೋಣಿಯಲ್ಲಿ ಕಾವ್ಯಾ ಪಡದ ಕೊನೆಯ ಸಾಲಿನಲ್ಲಿದ್ದಳು. ಸುಶೀಲೇಂದ್ರ ಹಿಂದುಮುಂದಾಗಿ, ತಿಕೋಟಾದಿಂದ ಶುರುಮಾಡಿ ಗಾಂಧಿ ಚೌಕಕ್ಕೆ ಹೋಗಿ, ಅಲ್ಲಿಂದ ಯಲಗೂರಪ್ಪನವರ ಮೀಸೆಗೆ ಬಂದು, ಅಂತೂ ಎಲ್ಲವನ್ನೂ ಹೇಳಿದ. ಅವಳ ಕೈಯಲ್ಲಿದ್ದ ಎಲೆ ಮುರುಟಿತು.

"ನನ್ನ ಫೋಟೊ ನನ್ನ ಕೇಳದ ಕಳಿಸ್ಯಾರ?"

"ಹೌದ್ರಿ."

"ಇದು ನಿಮ್ಮ ವಿದ್ಯೆ ಅಂತ ನೀವು ಹೇಳಿದ್ರಿ?"

"ಹೇಳಿದೆ… ಅಲ್ಲ ಅಂತ ಆಮ್ಯಾಲೆ ಹೇಳೂದು ಆಗಲಿಲ್ಲ."

"ಅಣ್ಣ ಆ ಫೋಟೊ ತೋರಿಸಿದಾಗ ಭಾಳ ಹೊತ್ತು ನೋಡ್ಕೋತ ಕುಂತಿದ್ದೆ ಸರ್. ಸುಳ್ಳ್ಯಾಕ ಹೇಳ್ಲಿ, ಚಂದ ಐತಿ. ಎಲ್ಲಾರ ಕೂಡ ಕೂಡಿ ನಿಂತಂಗ ಅನಿಸ್ತು. ಆಮ್ಯಾಲ ಅನಿಸ್ತು, ಇದರಾಗ ನಾ ಇಲ್ಲಲ್ಲ ಅಂತ." ಎಲೆ ಕೆಳಗೆ ಹಾಕಿದಳು. "ಈಗ ಒಂದು ಫೋಟೊ ತಗೀರಿ. ಸಾದಾ ಫಿಲಂ. ಒಂದು ಕಲಿನೂ ಬಿಡಬಾರ್ದು. ಅದನ್ನ ನಾನ ಅವರಿಗೆ ಕಳಿಸ್ತೇನಿ."

"ಫೋನಿನ್ಯಾಗ ತಗದ್ರ ಈಗಿಂದೀಗ…"

"ಫೋನು ತಾನ ಮಾರಿ ತಿದ್ದತೈತ್ರಿ, ಹೇಳದ ಕೇಳದ. ನೀವು ಕೆಡಿಸಿದ್ದು ನೀವ ಸರಿ ಮಾಡ್ರಿ."

ಸುಶೀಲೇಂದ್ರ ಗಿಡದ ನೆರಳಿನಲ್ಲಿ ಸಾದಾ ರೀಲು ಹಾಕಿದ. ಮೀಟರು ಹಿಡಿದ. ಮತ್ತೆ ಗೊಂದಲ. ಬಿಳಿ ಕಲೆಯ ಕಡೆ ಹಿಡಿದರೆ ಮುಳ್ಳು ಒಂದು ಹೇಳಿತು, ಆ ಲೆಕ್ಕದಲ್ಲಿ ಮೈಬಣ್ಣ ಕತ್ತಲಾಗುತ್ತದೆ. ಮೈಬಣ್ಣದ ಕಡೆ ಹಿಡಿದರೆ ಇನ್ನೊಂದು ಹೇಳಿತು, ಆ ಲೆಕ್ಕದಲ್ಲಿ ಕಲೆಗಳು ಸುಣ್ಣದಂತೆ ಕುರುಡಾಗುತ್ತವೆ. ಅವನು ಅತ್ತ ಇತ್ತ ಹಿಡಿಯುವುದನ್ನು ನೋಡಿ ಕಾವ್ಯಾ, "ಎಲ್ಲಿ ಹಿಡಿಬೇಕಂತ ನಿಮಗೂ ತಿಳಿವಲ್ದೇನ್ರಿ?" ಎಂದಳು. ದನಿಯಲ್ಲಿ ಸಿಟ್ಟು ಕಡಿಮೆಯಾಗಿತ್ತು.

ಆಗ ಅವನಿಗೆ ಆ ಬಿಳಿ ಗೋಲದ ಉಪಯೋಗ ಹೊಳೆಯಿತು. ಮುಖದಿಂದ ತಿರುಗಿ ಬರುವ ಬೆಳಕನ್ನಲ್ಲ, ಮುಖದ ಮೇಲೆ ಬೀಳುವ ಬೆಳಕನ್ನು ಅಳೆಯಲು ಇಟ್ಟದ್ದು ಅದು. ಮೀಟರನ್ನು ಅವಳ ಗದ್ದದ ಹತ್ತಿರ ಹಿಡಿದು ಗೋಲವನ್ನು ಕ್ಯಾಮೆರಾದತ್ತ ತಿರುಗಿಸಿದ. ಬೀಳುವ ಬೆಳಕಿಗೆ ಕಪ್ಪು ಬಿಳುಪಿನ ಲೆಕ್ಕವಿಲ್ಲ. ಮುಳ್ಳು ಒಂದೇ ಕಡೆ ನಿಂತಿತು. ಕಾವ್ಯಾ ಸೆರಗು ಹಿಂದೆ ಸರಿಸಿ ನೇರ ನೋಡಿದಳು.

ತೊಳೆದು ಕೊಟ್ಟ ಆ ಫೋಟೊ ಕಾವ್ಯಾಳಿಂದ ಸಿದ್ದಲಿಂಗೇಶನ ಫೋನಿಗೆ ಹೋಯಿತು. ಉತ್ತರ ಬರಲಿಲ್ಲ. ಆದರೆ ಭಾನುವಾರ ತಿಕೋಟಾದ ಕಾರು ನಿಡೋಣಿಯ ಮನೆಯ ಮುಂದೆ ಬಂದು ನಿಂತಿತು. ಬಸಲಿಂಗಯ್ಯನವರು ಓಡಿಬಂದು ಎದುರುಗೊಂಡರು. ಹೊತ್ತು ದೂಡಲು, "ಮೊದಲ ಹುಡುಗನ ಫೋಟೊ ಆಗಿಬಿಡ್ಲಿ," ಎಂದರು. ಕರೆಸಿದ್ದ ಸುಶೀಲೇಂದ್ರ ಪಡಸಾಲೆಯಲ್ಲಿ ಕ್ಯಾಮೆರಾ ನಿಲ್ಲಿಸಿ ಸಿದ್ದಲಿಂಗೇಶನನ್ನು ಕುರ್ಚಿಯಲ್ಲಿ ಕೂರಿಸಿದ. "ಅಲುಗಾಡಬ್ಯಾಡ್ರಿ," ಎಂದ. ಅಷ್ಟರಲ್ಲಿ ಕಾವ್ಯಾ ಚಹಾದ ತಾಟು ಹಿಡಿದು ಒಳಗಿನಿಂದ ಬಂದಳು.

ಗೌರಾಬಾಯಿ ಕಪ್ಪಿಗೆ ಚಾಚಿದ ಕೈ ಹಿಂದೆ ತೆಗೆದಳು.

"ಏನಿದು? ಇದು ಫೋಟೊದಾಗ ಇರಲಿಲ್ಲಲ್ಲ!"

ಗೌರಾಬಾಯಿ ಸುಶೀಲೇಂದ್ರನ ಕಡೆ ತಿರುಗಿದಳು. "ಏನ್ರೀ ಫೋಟೊದವರ, ನೀವೂ ಇವರ ಕೂಡ ಕೂಡಿ ಆಟ ಆಡೀರಿ?"

"ತಪ್ಪು ನಂದೇ ರೀ. ಅದು ಬ್ಯಾರೆ ಬೆಳಕು, ಅದರಾಗ ಕಲಿ ಕಾಣಂಗಿಲ್ಲ, ಎಲಿ ಬೆಳ್ಳಗ ಬರ್ತದ, ಮೀಸಿನೂ…"

"ಯಾರ ಮೀಸಿ? ಯಾವ ಎಲಿ? ಸಿದ್ದೂ, ಏಳು! ನಡಿ!" ಗೌರಾಬಾಯಿ ಚಪ್ಪಲಿ ಮೆಟ್ಟಿ ದಡದಡನೆ ಕಾರಿನ ಕಡೆ ನಡೆದಳು.

ಸಿದ್ದಲಿಂಗೇಶ ಏಳಲು ಕುರ್ಚಿಯ ಕೈ ಹಿಡಿದ. ಕಣ್ಣು ಸುಶೀಲೇಂದ್ರನ ಮೇಲಿತ್ತು. ಸುಶೀಲೇಂದ್ರ ಗುಂಡಿ ಒತ್ತಿ ಆಗಲೇ ಮುಗಿದಿತ್ತು. ಫೋಟೊ ಬಂದಾಗಿತ್ತು. ಆದರೆ ಎಂದೂ ತಿಳಿದೂ ತಿಳಿದೂ ಸುಳ್ಳು ಹೇಳದ, ಹೇಳಿದ ಸುಳ್ಳನ್ನೆಲ್ಲ ಗೊಂದಲದಲ್ಲೇ ಹೇಳಿದ ಆ ಮನುಷ್ಯ ಕ್ಯಾಮೆರಾದಿಂದ ತಲೆಯೆತ್ತದೆ ನಿಚ್ಚಳ ದನಿಯಲ್ಲಿ ಹೇಳಿದ:

"ಅಲುಗಾಡಬ್ಯಾಡ್ರಿ. ಇನ್ನೂ ಮುಗದಿಲ್ಲ."

ಸಿದ್ದಲಿಂಗೇಶ ಮತ್ತೆ ಕೂತ. ಹೊರಗಿನಿಂದ, "ಸಿದ್ದೂ!" ಎಂಬ ಕೂಗು ಬಂತು.

"ಅಲುಗಾಡಬ್ಯಾಡಂದಾರವ್ವ!" ಎಂದು ಅವನು ಕತ್ತು ತಿರುಗಿಸದೆ ಕೂಗಿದ.

ಕಾವ್ಯಾ ತಾಟು ಕೆಳಗಿಟ್ಟಳು. "ನಾ ಕಳಿಸಿದ ಫೋಟೊ ಮುಟ್ಟಿತ್ತೇನ್ರಿ?"

"ಮುಟ್ಟಿತ್ರಿ," ಎಂದ ಸಿದ್ದಲಿಂಗೇಶ, ತುಟಿ ಆದಷ್ಟು ಕಡಿಮೆ ಆಡಿಸಿ.

"ಅವ್ವಗ ತೋರಿಸಲಿಲ್ಲ?"

"ತೋರಿಸಿದ್ರ ಬರ್ತಿದ್ದಿಲ್ರಿ ಆಕಿ. ನನಗ ಬರಬೇಕಾಗಿತ್ತು."

"ಅಂದ್ರ ನೀವೂ ಮುಚ್ಚಿಟ್ರಿ."

ಸಿದ್ದಲಿಂಗೇಶ ಗೊಂಬೆಯಂತೆ ಕೂತೇ ಕೆಂಪಾದ. "ಹೌದ್ರಿ. ತಪ್ಪಾತು."

ಕಾವ್ಯಾ ಎದುರಿನ ಮಣೆಯ ಮೇಲೆ ಕೂತಳು. ಅವನು ಪಡದ ಬಗ್ಗೆ ಕೇಳಿದ. ಈ ವರ್ಷದ ಎಲೆ ರೋಗಕ್ಕೆ ಏನು ಹೊಡೆದಿರಿ ಎಂದ. ಅವಳು ಹೇಳಿದಳು. ಅದು ತಪ್ಪೆಂದು ಅವನು ವಾದಿಸಿದ. ತಪ್ಪಲ್ಲವೆಂದು ಅವಳು ಸಾಧಿಸಿದಳು. ಸುಶೀಲೇಂದ್ರ ಕೆಲಸ ಮುಗಿದ ಕ್ಯಾಮೆರಾಕ್ಕೆ ಕಣ್ಣು ಹಚ್ಚಿಕೊಂಡು, ಬೆನ್ನು ನೋಯುತ್ತಿದ್ದರೂ, ಆಗಾಗ ಏನನ್ನೋ ತಿರುವುತ್ತ ನಿಂತೇ ಇದ್ದ.

ಬೇಸಿಗೆಯಲ್ಲಿ, ಮಣೂಕದ ಕೆಲಸ ಮುಗಿದ ಮೇಲೆ, ಬಬಲೇಶ್ವರದಲ್ಲಿ ಈ ಇಬ್ಬರ ಮದುವೆಯಾಯಿತೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಅಂದು ಆ ಪಡಸಾಲೆಯಲ್ಲಿದ್ದವರಿಗೆ ಯಾರಿಗೂ ಅದು ಗೊತ್ತಿರಲಿಲ್ಲ. ಬಸಲಿಂಗಯ್ಯನವರು ಕಂಬಕ್ಕೆ ಆತು ಕಣ್ಣು ಮುಚ್ಚಿದ್ದರು. ಮುರಿಗೆವ್ವ ಬಾಗಿಲು ಕಾಯುತ್ತಿದ್ದಳು. ಬಿಸಿಲಿಗೆ ಕಾದ ಕಾರಿನಲ್ಲಿ ಕೂಡಲಾರದೆ ಗೌರಾಬಾಯಿ ಕೊನೆಗೆ ಇಳಿದು ಬಂದು ಹೊಸ್ತಿಲಲ್ಲಿ ನಿಂತಳು. ಮಗ ನಗುತ್ತಿದ್ದುದನ್ನು ಕಂಡಳು. ಏನೋ ಅನ್ನಲು ಹೋಗಿ ಗಂಟಲು ಆರಿದ್ದರಿಂದ, "ನೀರು," ಎಂದಷ್ಟೇ ಅಂದಳು.

ಕಾವ್ಯಾ ಎದ್ದು ತಂಬಿಗೆ ತಂದು ನೀಡಿದಳು. ಗೌರಾಬಾಯಿ ತಂಬಿಗೆ ಹಿಡಿದ ಕೈಯನ್ನು ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಂಬಿಗೆ ಇಸಿದುಕೊಂಡು ಗಟಗಟನೆ ಕುಡಿದು, ಖಾಲಿ ಮಾಡಿ, ಮತ್ತೆ ಚಾಚಿದಳು.

"ಇನ್ನೊಂದೀಟು ತಾರವ್ವಾ. ಬಿಸಲು ಭಾಳ ಐತಿ."

ಸುಶೀಲೇಂದ್ರ ಕ್ಯಾಮೆರಾದಿಂದ ತಲೆಯೆತ್ತಿ ಸೊಂಟ ಹಿಡಿದುಕೊಂಡ. "ಆತ್ರಿ, ಇನ್ನ ಏಳ್ರಿ," ಎಂದ.

ಸಿದ್ದಲಿಂಗೇಶ ಏಳಲಿಲ್ಲ.